ಅಳಿಲಿನ ಮೂರು ಮಾತು

ನಮ್ಮೂರಲ್ಲಿ ಬರಹಕ್ಕೆ ತೂಕವಿದೆ. ಮಾತಿಗಿಲ್ಲ. ಅದಕ್ಕೇ ನಾವು ಕಣ್ಣು ಬಿಟ್ಟಾಗಿನಿಂದ ಕಣ್ಣು ಮುಚ್ಚುವವರೆಗೆ ಬಾಯಿಗೆ ಬಿಡುವು ಕೊಡದವರು, ಬರೆಯಲು ಕೂತರೆ ಮಾತ್ರ ಕೈ ಬಿಗಿ. ಬೆಲ್ಲದಂಗಡಿಯ ಬೋರ್ಡಿನಲ್ಲಿ 'ಬೆಲ್ಲ' ಎಂದಷ್ಟೇ ಇರುತ್ತದೆ. ತನ್ನ ಹೆಸರು, ಅಪ್ಪನ ಹೆಸರು, ಮನೆದೇವರ ಕೃಪೆ ಎಲ್ಲವನ್ನೂ ಬರೆಸಿದ ಒಬ್ಬ ಭೂಪನ ಬೋರ್ಡು ಗೋಡೆಯನ್ನೂ ಕಿತ್ತುಕೊಂಡು ಬಿದ್ದಿತು. ಆಮೇಲೆ ಯಾರೂ ಆ ಸಾಹಸಕ್ಕೆ ಹೋಗಿಲ್ಲ. ಫೋನು ಬಂದ ಮೇಲಂತೂ ಕೇಳಬೇಡಿ. ಊರಿಗೆಲ್ಲ ಒಂದೇ ಅಂಗಡಿ, ಒಂದೇ ಥರದ ಫೋನು. ಕೊಂಡ ದಿನ ವೀಳ್ಯದೆಲೆಯಷ್ಟು ಹಗುರ, ವರ್ಷ ತಿರುಗುವಷ್ಟರಲ್ಲಿ ಬಂದ ಮೆಸೇಜು ಹೋದ ಮೆಸೇಜು ಸೇರಿ ಜೇಬು ಹರಿಯುವಷ್ಟು ಭಾರ. ನಮ್ಮ ಗಂಡಸರು ಎಡಕ್ಕೆ ವಾಲಿಕೊಂಡು ನಡೆಯುವುದನ್ನು ನೋಡಿ ಹೊರಗಿನವರು ಇದೇನೋ ವಂಶದ ಕಾಯಿಲೆ ಅಂದುಕೊಳ್ಳುತ್ತಾರೆ.

ಇಂಥ ಊರಲ್ಲಿ ಬರಹದ ಭಾರ ಇಳಿಸಿಕೊಡುವವಳಿಗೆ ಎಂಥ ಗತ್ತು ಇರಬೇಕು, ನೀವೇ ಹೇಳಿ. ಆ ಗತ್ತಿನವಳು ನಾನೇ. ಹೆತ್ತವರು ಇಟ್ಟ ಹೆಸರು ವಿಶಾಲಾಕ್ಷಿ, ಊರು ಇಟ್ಟದ್ದು ಗಂಟಕ್ಕ. ನಾನು ನೋಡಿಕೊಳ್ಳುವ ಲೈಬ್ರರಿಯ ಹೆಸರು 'ಗಂಟು', ಅದಕ್ಕೆ. ಲೈಬ್ರರಿ ಅಂದರೆ ಪುಸ್ತಕ ಇಡುವ ಕಟ್ಟಡವಲ್ಲ. ನಮ್ಮೂರಿನ ಆ ಕಟ್ಟಡ ನೆಲದೊಳಗೆ ಇಳಿದುಹೋಗಿ ಬಹಳ ಕಾಲವಾಯಿತು. ಇದು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಒಂದಷ್ಟು ಕೋಡು. ಫೋನಿನೊಳಗೆ ಕೂತು, ಬರೆದದ್ದನ್ನೆಲ್ಲ ಒತ್ತಿ ಮಡಿಚಿ ಸಣ್ಣ ಗಂಟು ಕಟ್ಟುತ್ತದೆ. ಕೇಳಿದಾಗ ಒಂದಕ್ಷರವನ್ನೂ ನುಂಗದೆ ಬಿಚ್ಚಿಕೊಡುತ್ತದೆ. ಕಟ್ಟಿಟ್ಟ ಬರಹಕ್ಕೆ ಆ ಗಂಟಿನಷ್ಟೇ ತೂಕ.

ಮೂಲ ನನ್ನದಲ್ಲ. ದೂರದ ಯಾರೋ ಪುಣ್ಯಾತ್ಮ ಬರೆದು ಜಗತ್ತಿಗೆಲ್ಲ ಬಿಟ್ಟಿಯಾಗಿ ಹಂಚಿದ್ದ. ಆದರೆ ಅವನ ಕೋಡಿಗೆ ನಮ್ಮ ಭಾಷೆಯ ಗಂಧಗಾಳಿ ಇಲ್ಲ, ನಮ್ಮ ಒಂದಕ್ಷರ ಬಂದರೆ ಮೂರರ ಜಾಗ ಬಿಟ್ಟು ಕೂರುತ್ತಿತ್ತು. ಸರಿಮಾಡಪ್ಪಾ ಎಂದು ಕೇಳಿ ಕೇಳಿ ಸಾಕಾದ ಮೇಲೆ ಉತ್ತರ ಬಂತು. ಈಗ ತಾನು ಮೇಕೆ ಸಾಕುತ್ತಿದ್ದೇನೆ, ಕೋಡು ಮುಟ್ಟುವುದಿಲ್ಲ, ಬೇಕಿದ್ದರೆ ನೀವೇ ನೋಡಿಕೊಳ್ಳಿ ಎಂದು. ಹೀಗಾದಾಗ ಮೂಲದ ನಕಲು ತೆಗೆದುಕೊಂಡು ನಮ್ಮ ದಾರಿ ನಾವು ಹಿಡಿಯುತ್ತೇವೆ. ಅದಕ್ಕೆ ಫೋರ್ಕ್ ಅನ್ನುತ್ತಾರೆ. ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡ ಹಾಗೆ, ಪಾತ್ರೆ ಅವೇ, ಅಡುಗೆ ಬೇರೆ.

ನನ್ನ ಅಡುಗೆಯ ಗುಟ್ಟು ಬುತ್ತಿ. ನಮ್ಮ ಜನ ದಿನಾ ಬರೆಯುವ ಮಾತುಗಳನ್ನು, 'ಊಟ ಆಯ್ತಾ', 'ಬರ್ತಾ ಮೊಸರು ತಗೊಂಡ್ ಬಾ', 'ನೋಡೋಣ', ಇಂಥವನ್ನೆಲ್ಲ ಒಟ್ಟುಮಾಡಿ ಎಲ್ಲರ ಫೋನಿನಲ್ಲೂ ಒಂದೊಂದು ಬುತ್ತಿ ಇಟ್ಟೆ. ಬುತ್ತಿಯಲ್ಲಿರುವ ಮಾತನ್ನು ಸಾವಿರ ಸಲ ಬರೆದರೂ ಭಾರವಿಲ್ಲ; ಬುತ್ತಿಯಲ್ಲಿ ನೋಡಿಕೋ ಎಂಬ ಚಿಕ್ಕ ಗುರುತೊಂದು ಗಂಟಿನಲ್ಲಿ ಕೂತರೆ ಮುಗಿಯಿತು. ಆದರೆ ಬುತ್ತಿಯೂ ಬರಹವೇ ತಾನೆ, ಅದರ ತೂಕವನ್ನು ಊರೆಲ್ಲ ಹೊರಬೇಕು. ಹಾಗಾಗಿ ಯಾವ ಮಾತು ಒಳಗೆ, ಯಾವುದು ಹೊರಗೆ ಎಂದು ನನ್ನ ಜಗುಲಿಯ ಮೇಲೆ ದಿನಾ ಪಂಚಾಯಿತಿ. ದೂರು ಬರೆಯುವವರು ಯಾರೂ ಇಲ್ಲ, ಎಲ್ಲರೂ ಬಂದು ಬಾಯಲ್ಲೇ ಬೈದು ಕಾಫಿ ಕುಡಿದು ಹೋಗುತ್ತಾರೆ. ಯಾರದಾದರೂ ಗಂಟು ತೀರಾ ಪುಟ್ಟದಾಗಿ ಬಂದರೆ ನಗೆಯೋ ನಗೆ. ಒಂದೇ ಮಾತನ್ನು ಮತ್ತೆ ಮತ್ತೆ ಬರೆದರೆ ತಾನೇ ಗಂಟು ಅಷ್ಟು ಕುಗ್ಗುವುದು? ಪಾಪ, ಹೇಳಿದ್ದೇ ಹೇಳೋ ಕಿಸಬಾಯಿ ದಾಸ ಎಂದು ಆಡಿಕೊಳ್ಳುವುದರಲ್ಲಿ ನನ್ನ ಧ್ವನಿಯೇ ಮುಂದು.

ಬರೆದು ತಿಳಿಸುತ್ತಿದ್ದವನು ಒಬ್ಬನೇ. ಹೆಸರು 'ಅಳಿಲು', ಮುಖ ಕಂಡವರಿಲ್ಲ. ನನ್ನ ಕೋಡಿನಲ್ಲಿ ಎಲ್ಲಿ ಹೊಲಿಗೆ ಬಿಟ್ಟಿದೆಯೋ ಅಲ್ಲಿಗೆ ಸರಿಯಾಗಿ ಒಂದೆರಡು ಸಾಲಿನ ತಿದ್ದುಪಡಿ ಕಳಿಸುತ್ತಿದ್ದ. ಎಷ್ಟು ಅಚ್ಚುಕಟ್ಟು ಅಂದರೆ ಓದುತ್ತಾ ಕೂತಲ್ಲೇ ಶಿಳ್ಳೆ ಹೊಡೆಯಬೇಕು ಅನ್ನಿಸುತ್ತಿತ್ತು. ಅಳಿಲು ಸೇವೆ ಅಂತ ತಾನೇ ಹೇಳಿಕೊಳ್ಳುತ್ತಿರಬೇಕು ಅಂದುಕೊಂಡಿದ್ದೆ. ಆದರೆ ಅವನದೊಂದು ಹುಚ್ಚಿತ್ತು. ಬುತ್ತಿಗೆ ಮೂರು ಮಾತು ಸೇರಿಸಿ ಎಂದು ಹಟ ಹಿಡಿದಿದ್ದ. 'ಇನ್ನೊಂದು ಡಬ್ಬ ಅಷ್ಟೆ.' 'ಕೆಳಗೆ ನೋಡ್ಬೇಡ.' 'ಬೆಳ್ಳಗಿದೀಯಾ?' ಊರಲ್ಲಿ ಯಾರಯ್ಯಾ ಯಾರನ್ನ ಬೆಳ್ಳಗಿದೀಯಾ ಅಂತ ಕೇಳ್ತಾರೆ ಎಂದು ನಾನು ಜಗಳಕ್ಕೆ ನಿಂತರೆ, ಇರಲಿ ಬಿಡಿ ಅಕ್ಕ, ಕೇಳುವವರು ಇದ್ದಾರೆ ಎಂದು ಒಂದೇ ಸಾಲಿನ ಉತ್ತರ. ಕೆಲಸಗಾರನನ್ನು ಕಳೆದುಕೊಳ್ಳಬಾರದು ಎಂದು ಸೇರಿಸಿದೆ. ವರ್ಷಗಟ್ಟಲೆ ಆ ಮೂರು ಮಾತನ್ನು ಊರೆಲ್ಲ ಸುಮ್ಮನೆ ಹೊತ್ತುಕೊಂಡು ತಿರುಗಿತು.

ಈಗ ಇಂದುಮತಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಹಿಟ್ಟಿನ ಗಿರಣಿ ಅವಳದು, ಅವಳ ತಾಯಿ ಪುಟ್ಟಗೌರಮ್ಮನ ಕಾಲದಿಂದ ಬಂದದ್ದು. ಹೊಳೆಯ ಮೇಲಿನ ತೂಗುಸೇತುವೆಯ ತಂತಿ ಬಿಗಿಮಾಡುವ ಕೆಲಸದ ಚೆಲುವರಾಜನ ಜೊತೆ ಅವಳ ಮದುವೆ ಗೊತ್ತಾಗಿತ್ತು. ಅವನ ಮನೆ ಹೊಳೆಯ ಆಚೆ ದಡದಲ್ಲಿ. ಇವಳಿಗೆ ಗಿರಣಿಯ ಗದ್ದಲದಲ್ಲಿ ಏನೂ ಕೇಳಿಸದು, ಅವನಿಗೆ ತಂತಿಯ ಮೇಲೆ ಗಾಳಿಯಲ್ಲಿ ಏನೂ ಕೇಳಿಸದು. ಹೀಗಾಗಿ ಮಾತು ಬಿಟ್ಟಿಯಾಗಿರುವ ಊರಲ್ಲಿ ಇವರಿಬ್ಬರು ಮಾತ್ರ ಏಳು ವರ್ಷ ಬರೆದುಕೊಂಡೇ ಪ್ರೀತಿ ಮಾಡಿದರು. ಇಂದುಮತಿ ಒಂದನ್ನೂ ಅಳಿಸಲಿಲ್ಲ. ಅವಳ ಫೋನು ಗಿರಣಿಯ ಮೂಲೆಯಲ್ಲಿ ಕಲ್ಲುಚಪ್ಪಡಿಯ ಮೇಲೆ ಕೂತಿರುತ್ತಿತ್ತು. ಎತ್ತಬೇಕಾದರೆ ಇಬ್ಬರು ಬೇಕು. ಗಂಟು ಕಟ್ಟಿಕೊಡ್ತೀನಿ ಕಣೆ ಎಂದು ನಾನು ಎಷ್ಟು ಗೋಗರೆದರೂ ಒಪ್ಪಲಿಲ್ಲ. ಮಡಿಚಿಟ್ಟರೆ ಮಾತು ಸುಕ್ಕಾಗುತ್ತದಂತೆ, ತನ್ನ ಮಾತನ್ನು ಮಡಿಚಿಡುವವನು ಇಟ್ಟುಕೊಳ್ಳುವುದೇ ಬೇಡವಂತೆ. ಇದನ್ನು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ್ದಳು.

ನಮ್ಮಲ್ಲಿ ಮದುವೆಯ ಬೆಳಿಗ್ಗೆ ತೂಕದ ಶಾಸ್ತ್ರ ಅಂತ ಒಂದಿದೆ. ಬೇರೆಯವರು ಬರೆದದ್ದನ್ನೆಲ್ಲ ಅಳಿಸಿ, ಹುಡುಗ ಹುಡುಗಿ ಒಬ್ಬರಿಗೊಬ್ಬರು ಬರೆದದ್ದನ್ನು ಮಾತ್ರ ಉಳಿಸಿಕೊಂಡು, ಇಬ್ಬರ ಫೋನನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿಡುತ್ತಾರೆ. ಇಬ್ಬರಲ್ಲೂ ಇರುವುದು ಒಂದೇ ಬರಹವಲ್ಲವೇ, ಇಬ್ಬರೂ ಜೋಪಾನ ಮಾಡಿದ್ದರೆ ಮುಳ್ಳು ನೆಟ್ಟಗೆ ನಿಲ್ಲಬೇಕು. ಎಲ್ಲೂ ನೆಟ್ಟಗೆ ನಿಲ್ಲುವುದಿಲ್ಲ ಅನ್ನಿ. ಗಂಡಸರು ಭಾರಕ್ಕೆ ಹೆದರಿ ಅಳಿಸಿರುತ್ತಾರೆ, ಹಿರಿಯರು ಆ ಕಡೆಗೆ ಒಂದು ಅಚ್ಚು ಬೆಲ್ಲ ಇಟ್ಟು ಸರಿದೂಗಿಸಿ, ಎಲ್ಲ ಸಿಹಿಯಾಗಿ ಮುಗಿಯಿತು ಅಂದುಬಿಡುತ್ತಾರೆ. ಇಂದುಮತಿ ಮಾತ್ರ ಬೆಲ್ಲ ತರಕೂಡದು ಎಂದಿದ್ದಳು.

ಮದುವೆಗೆ ವಾರವಿದೆ ಅನ್ನುವಾಗ ಪುಟ್ಟಗೌರಮ್ಮ ನನ್ನ ಜಗುಲಿಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಹುಡುಗ ಜೇಬಲ್ಲಿ ಫೋನಿಟ್ಟುಕೊಂಡು ತಂತಿಯ ಮೇಲೆ ಓಡಾಡುವುದನ್ನು ಊರೇ ನೋಡಿದೆ, ಗಂಟು ಕಟ್ಟಿದ್ರೂ ಏಳು ವರ್ಷದ ಭಾರ ಹೊತ್ತು ಹಾಗೆ ಓಡಾಡೋಕಾಗುತ್ತಾ, ಎಲ್ಲ ಅಳಿಸಿ ಕೂತಿದ್ದಾನೆ, ಮಂಟಪದಲ್ಲಿ ನನ್ನ ಮಗಳು ಎದ್ದು ಬಂದುಬಿಡ್ತಾಳೆ ಎಂದರು. ನಾನು ಇಂದುಮತಿಯ ಬಳಿ ಹೋದೆ. ಅವನನ್ನೇ ಕೇಳಬಾರದೇನೆ ಅಂದೆ.

"ಕೇಳಲ್ಲ ಗಂಟಕ್ಕ. ಕೇಳಿದ್ರೆ ಇದೆ ಅಂತಾನೆ. ತಕ್ಕಡಿ ಹೇಳ್ಲಿ," ಅಂದಳು. ಆಮೇಲೆ ಬೆಲ್ಟು ಸರಿಮಾಡುತ್ತಾ, ನನ್ನ ಕಡೆ ನೋಡದೆ ಹೇಳಿದಳು, "ಅವನ ಕಡೆ ಖಾಲಿ ಇದ್ರೆ ನಾನು ಹಾರ ಹಾಕಲ್ಲ."

ಅವಳ ಹಟ ನನಗೆ ಗೊತ್ತು. ಹಾರ ಹಾಕದೆ ಎದ್ದು ಬರುವವಳೇ. ಆದರೆ ನನ್ನ ಸ್ವಭಾವವೇ ಹಾಗೆ, ಸಂಕಟಕ್ಕೆ ಮದ್ದು ಅಂದರೆ ಕೆಲಸ. ಮದುವೆಗೆ ಗಂಡಿನ ಕಡೆಯವರೆಲ್ಲ ಫೋನು ಹೊತ್ತು ತೂಗುಸೇತುವೆ ದಾಟಬೇಕು. ಸೇತುವೆಯೋ ಹಳೆಯದು. ಗಂಟಿನ ಹೊಸ ಆವೃತ್ತಿಯನ್ನೇ ತಂದು ಊರಿನ ಭಾರವನ್ನೆಲ್ಲ ಇನ್ನಷ್ಟು ಇಳಿಸಿದರೆ ಹೇಗೆ ಎಂದು ಹೊಳೆದದ್ದೇ ತಡ, ನನಗೆ ಊಟ ನಿದ್ದೆ ಬೇಡವಾಯಿತು. ಮದುವೆಯ ಮಾತುಗಳನ್ನು ಬುತ್ತಿಗೆ ಹಾಕಬೇಕು: 'ಹೊರಟಿದೀವಿ', 'ಎಲೆ ಹಾಕಿದ್ರಾ', 'ಹುಡುಗಿ ಲಕ್ಷಣವಾಗಿದಾಳೆ', 'ಪಾಯಸ ಎರಡನೇ ಸಲ ಬಂತು'. ಇವಕ್ಕೆ ಜಾಗ ಬೇಕಲ್ಲ? ಅಳಿಲಿನ ಮೂರು ಮಾತು ಕಣ್ಣಿಗೆ ಬಿದ್ದವು. ಇನ್ನೊಬ್ಬರು ಸೇರಿಸಿದ್ದನ್ನು ತೆಗೆಯುವ ಮುಂಚೆ ಅವರನ್ನು ಕೇಳುವುದು ಈ ಕೆಲಸದ ಮರ್ಯಾದೆ. ಕೇಳಿದೆ. ಅದು ಮದುವೆಯ ಹಿಂದಿನ ದಿನ, ಸಂಜೆಯಾದರೂ ಅಳಿಲು ಉತ್ತರ ಕೊಡಲಿಲ್ಲ. ಶುಭಸ್ಯ ಶೀಘ್ರಂ, ನಮ್ಮಪ್ಪನ ಗಂಟೇನು ಹೋಗುತ್ತೆ ಎಂದು ಆ ಮೂರನ್ನೂ ಕಿತ್ತುಹಾಕಿ ಆವೃತ್ತಿ ಬಿಟ್ಟೇಬಿಟ್ಟೆ.

ಮದುವೆಯ ಬೆಳಿಗ್ಗೆ ಒಬ್ಬೊಬ್ಬರ ಫೋನಿಗೂ ಹೊಸದು ಇಳಿಯತೊಡಗಿತು. ಹೊಸ ಆವೃತ್ತಿ ಇಳಿದರೆ ಹಳೆಯ ಗಂಟು ತಾನೇ ಬಿಚ್ಚಿಕೊಂಡು ಹೊಸ ಬುತ್ತಿಯ ಪ್ರಕಾರ ಮತ್ತೆ ಕಟ್ಟಿಕೊಳ್ಳುವ ಹಾಗೆ ಮಾಡಿದ್ದೆ. ಅದು ನನ್ನ ಹೆಮ್ಮೆಯ ಕೆಲಸ. ಬೀದಿಯಲ್ಲಿ ಗಂಡಸರು ನೆಟ್ಟಗೆ ನಿಂತು ಒಬ್ಬರನ್ನೊಬ್ಬರು ಆಶ್ಚರ್ಯದಿಂದ ನೋಡುತ್ತಿದ್ದರು. ಹೂವಿನವಳು ನನ್ನನ್ನು ಕರೆದು ಒಂದು ಮೊಳ ಹೆಚ್ಚಿಗೆ ಕೊಟ್ಟಳು. ನಾನು ಹೊಸ ಸೀರೆಯ ನಿರಿಗೆ ಚಿಮ್ಮಿಸಿಕೊಂಡು ಹೆಣ್ಣನ್ನು ಕರೆತರಲು ಗಿರಣಿಗೆ ಹೋದೆ. ನಿಜ ಹೇಳುತ್ತೇನೆ, ಆ ಬೆಳಿಗ್ಗೆ ನನ್ನಷ್ಟು ಖುಷಿಯಾಗಿದ್ದವರು ಇನ್ನೊಬ್ಬರಿರಲಿಲ್ಲ.

ಗಿರಣಿ ಓಡುತ್ತಿತ್ತು! ಧಾರೆಗೆ ಇನ್ನು ಸ್ವಲ್ಪವೇ ಹೊತ್ತು, ಮದುವಣಗಿತ್ತಿ ರೇಷ್ಮೆ ಸೀರೆಯ ಮೇಲೊಂದು ಹಳೇ ಪಂಚೆ ಸುತ್ತಿಕೊಂಡು ಅಕ್ಕಿ ಸುರಿಯುತ್ತಿದ್ದಾಳೆ. ಮದುವೆಯ ಕಡುಬಿಗೇ ಹಿಟ್ಟು ಸಾಲದಂತೆ, ಅಡುಗೆಯವರು ಡಬ್ಬ ಕಳಿಸಿದ್ದಾರೆ. ಹುಬ್ಬು, ರೆಪ್ಪೆ, ಮುಡಿದ ಮಲ್ಲಿಗೆ ಎಲ್ಲ ಹಿಟ್ಟು. ಪುಟ್ಟಗೌರಮ್ಮ ಬಾಗಿಲಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋಗಿ ಕಿವಿಯಲ್ಲಿ ಕೂಗಿದೆ. ಅವಳು ನನ್ನ ಕಿವಿಯಲ್ಲಿ ಕೂಗಿದಳು.

"ಇನ್ನೊಂದು ಡಬ್ಬ ಅಷ್ಟೆ, ಬಂದೆ."

ನಾನು ಅಲ್ಲೇ ನಿಂತುಬಿಟ್ಟೆ. ಏನಂದೆ ಎಂದು ಮತ್ತೆ ಕೇಳಿದೆ. ಅವಳು ನಕ್ಕು, ಗಿರಣಿ ನಿಲ್ಲಿಸಿ, ಮುಖ ಒರೆಸಿಕೊಳ್ಳುತ್ತಾ ಹೇಳಿದಳು. ಚೆಲುವನಿಗೆ ಏಳು ವರ್ಷದಿಂದ ಇದನ್ನೇ ಬರೆಯುತ್ತಿದ್ದಳಂತೆ, ಬಾ ಬೇಗ ಅಂದಾಗೆಲ್ಲ ಇದೇ. ಅವನು ತಂತಿ ಹತ್ತಿದ ಅಂದರೆ ಕೆಳಗೆ ನೋಡಬೇಡ ಅನ್ನುವುದು. ಅವನು ಬೆಳ್ಳಗಿದೀಯಾ ಅಂತ ಕೇಳುವುದು, ಅಂದರೆ ಹಿಟ್ಟಿನಲ್ಲಿ ಕೆಲಸ ಮಾಡುತ್ತಿದ್ದೀಯಾ, ಚೆನ್ನಾಗಿದೀಯಾ ಎಂದು. "ನಾವೇನು ಮಹಾ ಬರೀತಿದ್ವಿ ಗಂಟಕ್ಕ, ಇಷ್ಟೇ," ಅಂದಳು.

ತಂತಿಯ ಮೇಲೆ ಓಡುವ ಅಳಿಲು! ನನ್ನ ದಡ್ಡತನಕ್ಕೆ ನನ್ನದೇ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕು ಅನ್ನಿಸಿತು. ಅವನು ಅಳಿಸಿಯೇ ಇರಲಿಲ್ಲ. ಏಳು ವರ್ಷದ ಬರಹವನ್ನು ಜೇಬಿನಲ್ಲಿಟ್ಟುಕೊಂಡು ತಂತಿ ಹತ್ತುವುದಕ್ಕಾಗಿ ನನ್ನ ಕೋಡನ್ನು ಸಾಲು ಸಾಲಾಗಿ ಹೊಲಿದು ಕೂಡಿಸಿದ್ದ. ಮಡಿಚಿಡುವವನು ಬೇಡ ಎಂದು ಇವಳು ಬೀದಿಯಲ್ಲಿ ಸಾರಿದ್ದಳಲ್ಲ, ಅದಕ್ಕೇ ಹೆಸರು ಮುಚ್ಚಿಟ್ಟ. ಶಾಸ್ತ್ರದ ಹೊತ್ತಿಗೆ ಮೆಲ್ಲಗೆ ಗಂಟು ಬಿಚ್ಚಿ ತಕ್ಕಡಿಗಿಡುವ ಲೆಕ್ಕಾಚಾರ ಇದ್ದಿರಬೇಕು. ಮತ್ತೆ ನಾನು, ಮಹಾ ಗಂಟಕ್ಕ, ಅವನ ಮೂರು ಮಾತನ್ನು ಬುತ್ತಿಯಿಂದ ತೆಗೆದಿದ್ದೇನೆ. ಈಗ ಆ ಮಾತುಗಳು ಎಷ್ಟು ಸಲ ಬಂದಿವೆಯೋ ಅಷ್ಟು ಸಲವೂ ಅವನ ಗಂಟಿಗೆ ಭಾರ. ಇಷ್ಟು ಹೊಳೆಯುವಷ್ಟರಲ್ಲಿ ಹೊಳೆಯ ಕಡೆಯಿಂದ ವಾಲಗ ನಿಂತು ಗದ್ದಲ ಎದ್ದಿತು.

ನಾನೂ ಇಂದುಮತಿಯೂ ಓಡಿದೆವು. ಗಂಡಿನ ದಿಬ್ಬಣ ಅರ್ಧ ದಾರಿಯಿಂದ ಹಿಂದಕ್ಕೆ ಓಡಿ ಆಚೆ ದಡ ಸೇರಿತ್ತು. ಸೇತುವೆಯ ನಟ್ಟನಡುವೆ, ಬಾಸಿಂಗ ಕಟ್ಟಿಕೊಂಡ ಚೆಲುವರಾಜ ಹಲಗೆಯ ಮೇಲೆ ಕೂತುಬಿಟ್ಟಿದ್ದ. ಅಂಗಿಯ ಜೇಬು ಹರಿದು ಜೋತಾಡುತ್ತಿತ್ತು. ಫೋನನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದ, ಬೀಸುವ ಕಲ್ಲು ಹೊತ್ತವನಿಗಿಂತ ಕಷ್ಟದಲ್ಲಿ. ಅವನ ಕೆಳಗೆ ಸೇತುವೆ ಬಾಗಿ ನೀರಿಗೆ ಹತ್ತಿರವಾಗಿತ್ತು, ತಂತಿಗಳು ಕಿರುಗುಟ್ಟುತ್ತಿದ್ದವು. ಶಾಸ್ತ್ರ ಮಾಡಿಸಲು ಬಂದಿದ್ದ ಹಿರಿಯ ಗುರುಶಾಂತಪ್ಪನವರು ಈ ದಡದಿಂದ ಅದನ್ನು ಹೊಳೆಗೆ ಎಸೆ ಎಂದು ಕೂಗುತ್ತಿದ್ದರು, ಆ ದಡದಿಂದ ಅವನ ಬಂಧುಗಳೂ ಅದನ್ನೇ. ಚೆಲುವರಾಜ ಎಸೆಯಲಿಲ್ಲ. ತಲೆಯನ್ನು ಅಡ್ಡಡ್ಡ ಆಡಿಸುತ್ತಿದ್ದ, ಅಷ್ಟೆ. ನನ್ನನ್ನು ಕಂಡು ಅವನು ಕೂಗಿದ.

"ಗಂಟಕ್ಕ, ಆ ಡಬ್ಬದ ಮಾತು ತೆಗೆದ್ರಾ?"

ಇಂದುಮತಿ ಇದನ್ನು ಕೇಳಿದಳು. ನನ್ನ ಮುಖ ನೋಡಿದಳು. ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ: ಅಳಿಲು ಅವನೇ, ಒಂದೂ ಅಳಿಸಿಲ್ಲ, ತೊಡೆ ಮೇಲಿರೋದು ನಿನ್ನ ಏಳು ವರ್ಷ. ಹೇಳುತ್ತಲೇ ನನ್ನ ಫೋನು ತೆಗೆದು ಹಳೆಯ ಬುತ್ತಿಯನ್ನು ಮತ್ತೆ ಹಾಕತೊಡಗಿದೆ. ಅವಸರದಲ್ಲಿ ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಹೊರಟಿತು. ಆದರೆ ಹೊಸದು ಇಳಿಯಬೇಕಾದರೆ ಫೋನಿನವನು 'ಸರಿ' ಎಂದು ಒತ್ತಬೇಕು. ಬೆಳಿಗ್ಗೆ ಎದ್ದಾಗ ಎಲ್ಲರೂ ಒತ್ತಿದ್ದರು, ಅವನು ದಿಬ್ಬಣದ ಗಡಿಬಿಡಿಯಲ್ಲಿ ಸೇತುವೆಯ ನಡುವೆ ಬಂದಾಗ ಒತ್ತಿದ್ದ, ನನ್ನ ಮೇಲಿನ ನಂಬಿಕೆಯಿಂದ. ಈಗ ಅವನ ಎರಡೂ ಕೈ ಅದನ್ನು ಹಿಡಿಯುವುದರಲ್ಲಿವೆ. ಒಂದು ಕೈ ಬಿಟ್ಟರೆ ಜಾರಿ ಹೊಳೆ ಪಾಲು.

ಒಬ್ಬರು ಹೋಗಿ ಒತ್ತಬೇಕು ಎಂದು ನಾನು ಇನ್ನೂ ಬಾಯಿ ತೆರೆಯುತ್ತಿದ್ದೆ, ಇಂದುಮತಿ ಆಗಲೇ ಹಲಗೆಯ ಮೇಲಿದ್ದಳು. ಪುಟ್ಟಗೌರಮ್ಮ ಅವಳ ಸೆರಗು ಹಿಡಿಯಲು ಹೋದರೆ ಕೈಗೆ ಬಂದದ್ದು ಆ ಹಳೇ ಪಂಚೆ ಮಾತ್ರ. ಅವಳು ಹಗ್ಗ ಹಿಡಿದು, ಕಾಲಿನಿಂದ ಹಲಗೆ ತಡವಿಕೊಂಡು, ಬಾಗಿದ ಸೇತುವೆಯಲ್ಲಿ ಇಳಿಯುತ್ತಾ ಹೋದಳು. ತಂತಿ ಇನ್ನೊಮ್ಮೆ ಕಿರುಗುಟ್ಟಿತು. ಅವಳು ಎಂದೂ ಅಷ್ಟು ಬಾಗಿದ ಹಲಗೆಗಳ ಮೇಲೆ ನಡೆದವಳಲ್ಲ. ಆಗ ಅವನು ಅವಳಿಗೆ, ಕೆಳಗೆ ನೋಡ್ಬೇಡ, ಅಂದ. ಏಳು ವರ್ಷ ಅವಳು ಅವನಿಗೆ ಬರೆದ ಮಾತು, ಈಗ ಅವನ ಬಾಯಲ್ಲಿ. ಅವಳು ಕೆಳಗೆ ನೋಡಲಿಲ್ಲ. ಹತ್ತಿರ ಹೋಗಿ, ಅವನೆದುರು ಮಂಡಿಯೂರಿ ಕೂತು, ಹಿಟ್ಟಿನ ಬೆರಳಿನಿಂದ ಒತ್ತಿದಳು.

ಸೇತುವೆ ನೀರಿನ ಕಡೆಯಿಂದ ಮೆಲ್ಲಗೆ ಮೇಲೆದ್ದಿತು. ನಾನು ಕುಣಿದೆ, ಹೌದು, ಹೊಸ ಸೀರೆಯಲ್ಲಿ, ಗುರುಶಾಂತಪ್ಪನವರ ಕೈ ಹಿಡಿದುಕೊಂಡೇ ಕುಣಿದೆ. ಸೇತುವೆಯ ನಡುವೆ ಅವರಿಬ್ಬರೂ ಫೋನನ್ನು ಎತ್ತಿ ಹಿಡಿದು ಅದರೊಳಗೆ ಏನನ್ನೋ ನೋಡುತ್ತಾ ತುಂಬಾ ಹೊತ್ತು ಕೂತಿದ್ದರು, ಮುಹೂರ್ತ ಗಿಹೂರ್ತ ಎಲ್ಲ ಮರೆತು.

ಮಂಟಪಕ್ಕೆ ಬಂದಾಗ ಗುರುಶಾಂತಪ್ಪನವರು, ಇಷ್ಟೆಲ್ಲ ಕಣ್ಣಾರೆ ಕಂಡ ಮೇಲೆ ತೂಗುವುದೇನಿದೆ, ಶಾಸ್ತ್ರ ಬಿಟ್ಟುಬಿಡೋಣ ಎಂದರು. ಇಂದುಮತಿ ಬಿಡಲಿಲ್ಲ. ತೂಗಲೇಬೇಕು ಅಂದಳು. ಗಿರಣಿಯಿಂದ ಇಬ್ಬರು ಹೊತ್ತುತಂದ ತನ್ನ ಫೋನನ್ನು ತೋರಿಸಿ, ನನ್ನ ಕಡೆ ತಿರುಗಿ, ಇದನ್ನೂ ಗಂಟು ಕಟ್ಟಿಕೊಡಿ ಎಂದಳು. ಮಾತು ಸುಕ್ಕಾಗುತ್ತೆ ಅಂದಿದ್ಯಲ್ಲೇ ಎಂದು ನಾನು ಕಾಲೆಳೆದೆ.

"ಏಳು ವರ್ಷ ಎದೆ ಮೇಲಿಟ್ಕೊಂಡು ತಂತಿ ಹತ್ತಿದ್ದಾನೆ, ಸುಕ್ಕಾಗಿಲ್ಲ. ಈಗ್ತಾನೆ ಓದಿದೆ," ಅಂದಳು.

ಕಟ್ಟಿದೆ. ನನ್ನ ಕಣ್ಣೆದುರೇ ಅದು ಕುಗ್ಗುತ್ತಾ ಕುಗ್ಗುತ್ತಾ ಅಂಗೈಯಲ್ಲಿ ಇದ್ದೂ ಇಲ್ಲದ ಹಾಗಾಯಿತು. ಹೇಳಿದ್ದೇ ಹೇಳುವವರನ್ನು ಕಂಡು ಅಷ್ಟು ವರ್ಷ ನಕ್ಕವಳು ನಾನು. ಈ ಸಲ ನಗು ಬರಲಿಲ್ಲ. ಇಷ್ಟು ಹಗುರದ್ದಕ್ಕೆ ಗಿರಣಿಯ ತಕ್ಕಡಿ ನಡೆಯದು ಎಂದು ಅಕ್ಕಸಾಲಿಗನ ಮನೆಯಿಂದ ಚಿನ್ನ ತೂಗುವ ತಕ್ಕಡಿ ತರಿಸಿದರು. ಈಗ ನನಗೆ ಬೇರೆ ಭಯ ಶುರುವಾಯಿತು. ಒಂದೇ ಬರಹ, ಒಂದೇ ಬುತ್ತಿ, ಒಂದೇ ಕೋಡು. ಗಂಟುಗಳೆರಡೂ ತಂತಾನೇ ಒಂದೇ ತೂಕ ಬರಬೇಕು. ಬರದಿದ್ದರೆ ಎಲ್ಲೋ ಒಂದು ಮಾತು ಅವನಲ್ಲಿ ಅಳಿದಿದೆ, ಇಲ್ಲವೇ ನನ್ನ ಕೋಡು ನುಂಗಿದೆ. ಬೆಲ್ಲ ಇಡುವ ಹಾಗಿಲ್ಲ.

ಇಟ್ಟರು. ಮುಳ್ಳು ಆಡಿತು, ನಿಧಾನವಾಯಿತು, ನಿಂತಿತು. ನೆಟ್ಟಗಲ್ಲ. ಇಂದುಮತಿಯ ಕಡೆಗೆ ಒಂದು ಕೂದಲೆಳೆಯಷ್ಟು ವಾಲಿತ್ತು. ಪುಟ್ಟಗೌರಮ್ಮ ನನ್ನ ತೋಳನ್ನು ಹಿಡಿದರು. ಇಂದುಮತಿ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ, ಅವಳ ಕೈಯಲ್ಲಿದ್ದ ಹಾರ ಸ್ವಲ್ಪ ಕೆಳಗಿಳಿಯಿತು.

ಚೆಲುವರಾಜ ಬಗ್ಗಿ ತಟ್ಟೆಯನ್ನು ನೋಡಿದ. ಆಮೇಲೆ ಅವಳನ್ನು, ತಲೆಯಿಂದ ಕಾಲಿನವರೆಗೆ ಬಿಳಿಯಾಗಿದ್ದ ಅವಳನ್ನು ನೋಡಿದ.

"ಬೆಳ್ಳಗಿದೀಯಾ?" ಅಂದ.

ಅವಳ ಉತ್ತರಕ್ಕೆ ಕಾಯದೆ ಶಲ್ಯದ ತುದಿಯಿಂದ ಅವಳ ಫೋನಿನ ಮೇಲೆ ಕೂತಿದ್ದ ಅಕ್ಕಿಹಿಟ್ಟನ್ನು ಮೆಲ್ಲಗೆ ಒರೆಸಿದ. ತಟ್ಟೆ ಮೇಲೆದ್ದಿತು. ಮುಳ್ಳು ನೆಟ್ಟಗೆ ನಿಂತಿತು, ಮತ್ತೆ ಅಲುಗಲಿಲ್ಲ. ಇಂದುಮತಿ ಅವನ ಕೊರಳಿಗೆ ಹಾರ ಹಾಕಿದಳು.